ಬೈಟಿಗೆ ತಾನು ಯಾರೆಂದು ಗೊತ್ತಿಲ್ಲ

ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಬರೆಯುವ ನಮ್ಮ ಟೀಮಿಗೆ ಹೊಸಬರು ಬಂದಾಗ ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ. ಮೆಮೊರಿಯ ಒಂದು ಬೈಟಿನಲ್ಲಿ 01000001 ಇದೆ, ಅದು ಏನು? ಹೆಚ್ಚಿನವರು 65 ಅನ್ನುತ್ತಾರೆ. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿ ಬಾಯಿಪಾಠ ಇರುವವರು ಇಂಗ್ಲಿಷಿನ ದೊಡ್ಡ ಎ ಅನ್ನುತ್ತಾರೆ. ಹಳೇ 8085 ಪ್ರೊಸೆಸರ್ ಮೇಲೆ ಕೈ ಪಳಗಿಸಿದವರು ಯಾರಾದರೂ ಇದ್ದರೆ, ಪ್ರೊಸೆಸರಿನೊಳಗಿನ ಪುಟ್ಟ ಜಾಗಗಳಾದ ರಿಜಿಸ್ಟರ್‌ಗಳ ಪೈಕಿ ಸಿ ಅನ್ನುವುದರಲ್ಲಿರುವುದನ್ನು ಬಿ ಅನ್ನುವುದಕ್ಕೆ ನಕಲು ಮಾಡು ಅನ್ನುವ ಆಜ್ಞೆ ಅದು ಎಂದೂ ಹೇಳಬಹುದು. ಮೂವರೂ ಸರಿ, ಮೂವರೂ ತಪ್ಪು. ಅದನ್ನು ಈಗ ಓದುತ್ತಿರುವುದು ಯಾರು ಸಾರ್ ಅಂತ ನನ್ನನ್ನೇ ತಿರುಗಿ ಕೇಳಿದವರು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಜನ.

ಗೇಟು, ಫ್ಲಿಪ್‌ಫ್ಲಾಪು, ಬೈನರಿ ಲೆಕ್ಕ ಎಲ್ಲ ನಿಮಗೆ ಗೊತ್ತು ಅಂತಲೇ ಇಟ್ಟುಕೊಳ್ಳುತ್ತೇನೆ. ನಾಲ್ಕು ನ್ಯಾಂಡ್ ಗೇಟಿನಿಂದ ಒಂದು ಎಕ್ಸಾರ್, ಒಂಬತ್ತರಿಂದ ಒಂದು ಫುಲ್ ಆ್ಯಡರ್. ಅಂಥ ಎಂಟನ್ನು ಸಾಲಾಗಿ ನಿಲ್ಲಿಸಿದರೆ ಎಂಟು ಬಿಟ್ ಕೂಡುವ ಸರ್ಕ್ಯೂಟ್ ಆಯಿತು. ಇದನ್ನು ಎಲ್ಲರೂ ಪರೀಕ್ಷೆಯಲ್ಲಿ ಬರೆದು ಬಂದಿರುತ್ತಾರೆ, ಚಿತ್ರವನ್ನೂ ನನಗಿಂತ ಚೆನ್ನಾಗಿ ಬಿಡಿಸುತ್ತಾರೆ. ಸಿ ಭಾಷೆ ಕಲಿತ ಕೂಡಲೇ ಏನಾಗುತ್ತದೋ ಗೊತ್ತಿಲ್ಲ. ಮೆಮೊರಿ ಅಂದರೆ ಚೀಟಿ ಅಂಟಿಸಿದ ಡಬ್ಬಿಗಳ ಸಾಲು ಅಂತ ನಂಬಿಬಿಡುತ್ತಾರೆ. ಈ ಡಬ್ಬಿಯಲ್ಲಿ ಸಂಖ್ಯೆ, ಆ ಡಬ್ಬಿಯಲ್ಲಿ ಅಕ್ಷರ. ಆ ಚೀಟಿ ಇರುವುದು ನಾವು ಬರೆದ ಕೋಡನ್ನು ಚಿಪ್ಪಿನ ಆಜ್ಞೆಗಳಾಗಿ ಬದಲಿಸುವ ಕಂಪೈಲರ್ ತಲೆಯಲ್ಲಿ. ಅದು ತನ್ನ ಕೆಲಸ ಮುಗಿಸಿ ಎದ್ದು ಹೋದ ಮೇಲೆ ಚಿಪ್ಪಿನೊಳಗೆ ಎಲ್ಲಿ ಹುಡುಕಿದರೂ ಚೀಟಿ ಸಿಗುವುದಿಲ್ಲ.

ನಂಬದಿದ್ದರೆ ಕಾಗದ ತೆಗೆದುಕೊಳ್ಳಿ. 11001000 ಮತ್ತು 01100100 ಇವೆರಡನ್ನು ಕೂಡಿ. ಎಂಟು ಬಿಟ್ಟಿನಲ್ಲಿ ಉಳಿಯುವುದು 00101100, ಅಂದರೆ 44. ಕೊನೆಯಲ್ಲಿ ಒಂದು ಕ್ಯಾರಿ ಹೊರಗೆ ಬೀಳುತ್ತದೆ. ಈಗ ಮೊದಲನೆಯದನ್ನು 200 ಅಂತ ಓದಿ. 200ಕ್ಕೆ 100 ಸೇರಿಸಿದರೆ 300, ಎಂಟು ಬಿಟ್ಟಿನಲ್ಲಿ ಹಿಡಿಸಲಿಲ್ಲ, 256 ಕಳೆದು 44 ಉಳಿಯಿತು. ಅದೇ ಬಿಟ್‌ಗಳನ್ನು ಟೂಸ್ ಕಾಂಪ್ಲಿಮೆಂಟ್ ಪ್ರಕಾರ, ಅಂದರೆ ಮೊದಲ ಬಿಟ್ 1 ಇದ್ದರೆ 256 ಕಳೆದು ಮೈನಸ್ ಸಂಖ್ಯೆ ಅಂತ, ಓದಿದರೆ ಮೈನಸ್ 56. ಅದಕ್ಕೆ 100 ಸೇರಿಸಿದರೆ ಸರಿಯಾಗಿ 44. ಒಂದೇ ಆ್ಯಡರ್, ಅವೇ ತಂತಿಗಳು, ಅದೇ ಉತ್ತರ. ಒಂದು ಲೆಕ್ಕದಲ್ಲಿ ಅದು ತಪ್ಪು, ಇನ್ನೊಂದರಲ್ಲಿ ಸರಿ. ಆ್ಯಡರ್‌ಗೆ ಇದ್ಯಾವುದರ ಗೊಡವೆಯೂ ಇಲ್ಲ. ಕ್ಯಾರಿ ಬಿತ್ತೋ, ಮೈನಸ್ ಇರುವ ಲೆಕ್ಕ ಮೀರಿತೋ ಎಂದು ಹೇಳುವ ಒಂದೊಂದು ಬಿಟ್, ಅಂದರೆ ಕ್ಯಾರಿ ಫ್ಲಾಗ್, ಓವರ್‌ಫ್ಲೋ ಫ್ಲಾಗ್ ಎರಡನ್ನೂ ಪಕ್ಕದಲ್ಲಿ ಬರೆದಿಟ್ಟು ಸುಮ್ಮನಾಗುತ್ತದೆ. ಯಾವುದನ್ನು ನೋಡಬೇಕು ಅನ್ನುವುದು ಮುಂದಿನ ಆಜ್ಞೆಗೆ ಬಿಟ್ಟದ್ದು.

ಅದಕ್ಕೇ ಕೂಡುವುದಕ್ಕೆ ಒಂದೇ ಆಜ್ಞೆ ಸಾಕು, ಹೋಲಿಸಿ ಜಿಗಿಯುವುದಕ್ಕೆ ಮಾತ್ರ ಎರಡೆರಡು ಬೇಕು. ಪಿಸಿಗಳಲ್ಲಿರುವ ಎಕ್ಸ್86 ಬಗೆಯ ಪ್ರೊಸೆಸರಿನಲ್ಲಿ ದೊಡ್ಡದಿದ್ದರೆ ಜಿಗಿ ಅನ್ನುವುದಕ್ಕೆ ಜೆಎ, ಜೆಜಿ ಅಂತ ಎರಡಿವೆ, ಮೊದಲನೆಯದು ಮೈನಸ್ ಇಲ್ಲದ ಲೆಕ್ಕಕ್ಕೆ, ಎರಡನೆಯದು ಮೈನಸ್ ಇರುವ ಲೆಕ್ಕಕ್ಕೆ. ಮೇಲಿನ ಎರಡು ಬೈಟ್‌ಗಳನ್ನೇ ಹೋಲಿಸಿ ನೋಡಿ. ಜೆಎ ಜಿಗಿಯುತ್ತದೆ, ಏಕೆಂದರೆ 200 ನೂರಕ್ಕಿಂತ ದೊಡ್ಡದು. ಜೆಜಿ ಕೂತಲ್ಲೇ ಕೂರುತ್ತದೆ, ಮೈನಸ್ 56 ನೂರಕ್ಕಿಂತ ಚಿಕ್ಕದಲ್ವಾ. ಬೈಟ್ ಒಂದಿಷ್ಟೂ ಬದಲಾಗಿಲ್ಲ. ಅರ್ಥ ಪೂರ್ತಿ ಆಜ್ಞೆಯ ಕಡೆಯಿಂದ ಬಂತು.

ಇಷ್ಟು ಎಳೆದು ಹೇಳುವುದಕ್ಕೆ ಕಾರಣ, ನಾನೇ ಒಮ್ಮೆ ಇದರಲ್ಲಿ ಬಿದ್ದಿದ್ದೇನೆ. ಕೋಲ್ಡ್ ರೂಮ್ ಒಂದಕ್ಕೆ ಉಷ್ಣಾಂಶ ನೋಡಿಕೊಳ್ಳುವ ಬೋರ್ಡ್ ಮಾಡುತ್ತಿದ್ದೆವು. 8 ಡಿಗ್ರಿ ದಾಟಿದರೆ ಅಲಾರಂ ಹೊಡೆಯಬೇಕು, ಅಷ್ಟೇ ಕೆಲಸ. ಕೋಡ್ ನನ್ನದೇ. ಪಿಸಿಯಲ್ಲಿ ಓಡಿಸಿದಾಗ ಲಕ್ಷಣವಾಗಿ ನಡೆಯಿತು. ಆರ್ಮ್ ಅನ್ನುವ ಬೇರೆ ಬಗೆಯ ಪ್ರೊಸೆಸರ್ ಇರುವ ಬೋರ್ಡಿಗೆ ಹಾಕಿದ ಮೇಲೆ ರೂಮು ಮೈನಸ್ 10ಕ್ಕೆ ಇಳಿದರೂ ಅಲಾರಂ ನಿಲ್ಲದು. ಸೆನ್ಸರ್ ಬದಲಿಸಿದೆವು, ವೈರ್ ಬದಲಿಸಿದೆವು, ಪವರ್ ಸಪ್ಲೈಗೆ ಬೈದೆವು. ಎರಡು ದಿನ ಹೋಯಿತು. ಮೆಮೊರಿಯೊಳಗೆ ಇಣುಕಿ ನೋಡಲು ಬಿಡುವ ಡಿಬಗ್ಗರ್‌ನಲ್ಲಿ ನೋಡಿದರೆ ಎರಡೂ ಕಡೆ ಬೈಟ್ ಒಂದೇ, 11110110. ಪಿಸಿಯಲ್ಲಿ ಅದು ಮೈನಸ್ 10, ಬೋರ್ಡಿನಲ್ಲಿ 246. ಆ ಬೈಟಿಗೆ ನಾನು ಸುಮ್ನೆ ಕ್ಯಾರ್ (ಸಿ ಭಾಷೆಯಲ್ಲಿ ಒಂದು ಬೈಟಿನ ಬಗೆ) ಅಂತ ಬರೆದಿದ್ದೆ. ಕ್ಯಾರ್ ಸೈನ್ಡೋ (ಮೈನಸ್ ಇರುವುದೋ) ಅನ್‌ಸೈನ್ಡೋ (ಇಲ್ಲದ್ದೋ) ಅನ್ನುವುದನ್ನು ಸಿ ಭಾಷೆ ಕಂಪೈಲರಿಗೆ ಬಿಟ್ಟಿದೆ. ಎಕ್ಸ್86ರಲ್ಲಿ ಸಾಮಾನ್ಯವಾಗಿ ಸೈನ್ಡ್, ಆರ್ಮ್‌ನಲ್ಲಿ ಸಾಮಾನ್ಯವಾಗಿ ಅನ್‌ಸೈನ್ಡ್. ಮುಂದೆ ಸೈನ್ಡ್ ಅಂತ ಒಂದು ಪದ ಸೇರಿಸಿ ಮತ್ತೆ ಕಂಪೈಲ್ ಮಾಡಿ ಕಂಪೈಲರ್ ಕೊಟ್ಟ ಆಜ್ಞೆಗಳ ಪಟ್ಟಿ, ಅಂದರೆ ಅಸೆಂಬ್ಲಿ, ತೆರೆದೆ. ಮೊದಲು ಎಲ್‌ಡಿಆರ್‌ಬಿ ಇದ್ದ ಕಡೆ ಈಗ ಎಲ್‌ಡಿಆರ್‌ಎಸ್‌ಬಿ. ಮಧ್ಯೆ ಒಂದು ಎಸ್. ಮೊದಲನೆಯದು ಬೈಟನ್ನು ರಿಜಿಸ್ಟರಿಗೆ ತರುವಾಗ ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ, ಎರಡನೆಯದು ಸೈನ್ ಬಿಟ್ಟನ್ನು ಎಳೆದು ತುಂಬುತ್ತದೆ. ಎರಡು ದಿನದ ಬೈಗುಳವೆಲ್ಲ ಆ ಒಂದು ಅಕ್ಷರಕ್ಕೆ ಸಲ್ಲಬೇಕಿತ್ತು. ಪವರ್ ಸಪ್ಲೈ ಪಾಪ.

ಆಜ್ಞೆಗಳ ಕತೆಯೂ ಇದೇ. 1948ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬೇಬಿ ಅನ್ನುವ ಯಂತ್ರ ಓಡಿತು. ಪ್ರೋಗ್ರಾಮನ್ನು ತನ್ನದೇ ಎಲೆಕ್ಟ್ರಾನಿಕ್ ಮೆಮೊರಿಯಲ್ಲಿ ಇಟ್ಟುಕೊಂಡು ಓಡಿಸಿದ ಮೊದಲ ಯಂತ್ರ ಅದು. ಮೆಮೊರಿ ಅಂದರೆ ಟಿವಿ ಪರದೆಯಂಥ ಟ್ಯೂಬಿನಲ್ಲಿ 32 ಸಾಲು, ಸಾಲಿಗೆ 32 ಬಿಟ್. ಸಂಖ್ಯೆಗಳೂ ಅಲ್ಲೇ, ಆಜ್ಞೆಗಳೂ ಅಲ್ಲೇ. ಯಾವ ಸಾಲು ಯಾವುದು? ಮುಂದೆ ಓಡಬೇಕಾದ್ದು ಎಲ್ಲಿದೆ ಅಂತ ನೆನಪಿಡುವ ಪ್ರೋಗ್ರಾಂ ಕೌಂಟರ್ ಯಾವ ಸಾಲಿಗೆ ಬೆರಳಿಡುತ್ತದೋ ಆ ಕ್ಷಣಕ್ಕೆ ಅದು ಆಜ್ಞೆ. ಕೌಂಟರ್ ದಾರಿ ತಪ್ಪಿ ಡೇಟಾದೊಳಗೆ ಹೋದರೆ ಡೇಟಾವನ್ನೇ ಆಜ್ಞೆ ಅಂತ ಓಡಿಸುತ್ತದೆ. ನೆಟ್‌ವರ್ಕ್‌ನಲ್ಲಿ ತಾನೇ ಹರಡುವ ಪ್ರೋಗ್ರಾಂ ಆಗಿದ್ದ 1988ರ ಮಾರಿಸ್ ವರ್ಮ್ ಇದನ್ನೂ ಒಂದು ದಾರಿ ಮಾಡಿಕೊಂಡಿತ್ತು. ಹೆಸರು ಕೇಳುವ ಒಂದು ಪ್ರೋಗ್ರಾಮಿಗೆ ಹಿಡಿಸಲಾರದಷ್ಟು ಬೈಟ್ ಕಳಿಸಿ, ಆ ಬೈಟ್‌ಗಳೇ ಓಡುವ ಹಾಗೆ ಮಾಡಿತು.

ಇಲ್ಲಿ ಸ್ವಲ್ಪ ಜಾಗ್ರತೆಯ ಮಾತು. ಈಗಿನ ಪ್ರೊಸೆಸರ್‌ಗಳಲ್ಲಿ ಮೆಮೊರಿಯ ಈ ಪುಟದಲ್ಲಿರುವುದನ್ನು ಓಡಿಸಬೇಡ ಅಂತ ಗುರುತು ಹಾಕುವ ಸೌಲಭ್ಯ ಇದೆ. ಕೆಲವು ಮೈಕ್ರೋಕಂಟ್ರೋಲರ್‌ಗಳಲ್ಲಿ ಪ್ರೋಗ್ರಾಮಿಗೂ ಡೇಟಾಗೂ ಬೇರೆಬೇರೆ ಮೆಮೊರಿ ಇರುತ್ತದೆ. ಮೆಮೊರಿಯ ಪ್ರತಿ ವರ್ಡ್‌ಗೂ ಇದು ಏನು ಅಂತ ಟ್ಯಾಗ್ ಅಂಟಿಸಿದ ಯಂತ್ರಗಳೂ ಬಂದು ಹೋಗಿವೆ. ಹಾಗಾಗಿ ಎಲ್ಲ ಕಡೆ ಹೀಗೇ ಅಂತ ಆಣೆ ಇಡಲಾರೆ. ನಿಮ್ಮ ಚಿಪ್ಪಿನ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಅದನ್ನು ತೆರೆದೇ ನೋಡದೆ ನನ್ನ ಹತ್ತಿರ ಬಂದರೆ ಮಾತ್ರ ಸಿಟ್ಟು ಬರುತ್ತದೆ.

ಈಚೆಗೆ ಒಬ್ಬ ಹುಡುಗ ಬಂದಿದ್ದ. ತುಂಬ ಹಟಮಾರಿ. ಇದು ಅಕ್ಷರ ಅನ್ನುವ ಮಾಹಿತಿ ಎಲ್ಲೋ ಇರಲೇಬೇಕು ಸಾರ್ ಅಂತ ಒಂದು ಮಧ್ಯಾಹ್ನ ಪೂರ್ತಿ ಡಿಬಗ್ಗರ್‌ನಲ್ಲಿ ಹುಡುಕಿದ. ಸಿಗಲಿಲ್ಲ. ನಾನು 8085 ಸಿಮ್ಯುಲೇಟರ್ ತೆರೆದುಕೊಟ್ಟು, ನಿನ್ನ ಹೆಸರನ್ನೇ ಮೆಮೊರಿಗೆ ಹಾಕಿ ರನ್ ಮಾಡು ಅಂದೆ. ನಗಾಡಿದ. ಇಂಗ್ಲಿಷಿನ ದೊಡ್ಡ ಅಕ್ಷರಗಳೆಲ್ಲ ಆ ಪ್ರೊಸೆಸರ್‌ಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವ ಆಜ್ಞೆಗಳೇ. ಸಣ್ಣ ಅಕ್ಷರಗಳೂ ಹೆಚ್ಚುಕಡಿಮೆ ಹಾಗೇ, ಒಂದನ್ನು ಬಿಟ್ಟು. ಸಣ್ಣ ವಿ ಅಂದರೆ ಹೆಕ್ಸ್‌ನಲ್ಲಿ 76, 8085ಗೆ ಅದು ಹಾಲ್ಟ್, ಅಂದರೆ ನಿಲ್ಲು. ಒಂದೊಂದೇ ಹೆಜ್ಜೆ ಒತ್ತುತ್ತಾ ಹೋದ. ರಿಜಿಸ್ಟರ್‌ಗಳಲ್ಲಿ ಒಂದರದ್ದು ಇನ್ನೊಂದಕ್ಕೆ ನಕಲಾಗುತ್ತಾ ಹೋಯಿತು. ಅವನ ಹೆಸರಿನ ಮಧ್ಯೆ ಒಂದು ವಿ ಇತ್ತು. ಅಲ್ಲಿಗೆ ಬಂದು ಪ್ರೊಸೆಸರ್ ನಿಂತುಬಿಟ್ಟಿತು. ಅವನು ಇನ್ನೂ ಎರಡು ಸಲ ಒತ್ತಿ ನೋಡಿ, ಕುರ್ಚಿ ಹಿಂದಕ್ಕೆ ಸರಿಸಿ, ಅಯ್ಯೋ ಸಾರ್ ಅಂದ.