ಹಡಗಿನ ಮೂತಿಗೆ ಬದನೆಕಾಯಿ ಯಾಕೆ?

ಹಲಸೂರು ಕೆರೆ ದಂಡೆಯಲ್ಲಿ ಕೂತಿದ್ದಾಗ ಅಕ್ಕನ ಮಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ರಿಪೇರಿಗೆಂದು ನೀರಿನಿಂದ ಮೇಲೆತ್ತಿದ ಸರಕು ಹಡಗು. ಮುಂದುಗಡೆ, ನೀರಿನಲ್ಲಿ ಮುಳುಗಿರಬೇಕಾದ ಜಾಗದಲ್ಲಿ ದಪ್ಪನೆಯ ಕೆಂಪು ಗೆಡ್ಡೆ. "ಮಾಮ, ಇದಕ್ಕೆ ಯಾರು ಬದನೆಕಾಯಿ ಅಂಟಿಸಿದ್ರು?" ಪಕ್ಕದ ಬೆಂಚಿನಲ್ಲಿದ್ದ ಹಿರಿಯರು ಕೇಳದೆಯೇ ಉತ್ತರ ಕೊಟ್ಟರು: "ನೀರು ಸೀಳೋಕಪ್ಪ."

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಸೀಳುವುದಕ್ಕೆ ಯಾರಾದರೂ ದುಂಡಗಿನ ವಸ್ತು ತರುತ್ತಾರೆಯೇ? ಒನಕೆಯಿಂದ ಹುರುಳಿಕಾಯಿ ಹೆಚ್ಚಿದ ಹಾಗಾಯಿತು. ಆ ಗೆಡ್ಡೆ ಇರುವುದು ಅಲೆ ಎಬ್ಬಿಸುವುದಕ್ಕೆ!

ಕೆರೆಯ ಬಾತುಕೋಳಿ ನೋಡಿ. ಈಜುವಾಗ ಅದರ ಹಿಂದೆ ಗಾಳಿಪಟದ ಬಾಲದಂತೆ ಅಲೆಗಳು ಅಗಲವಾಗಿ ಹರಡುತ್ತವೆ. ಆ ಅಲೆ ಪುಕ್ಕಟೆ ಬಂದದ್ದಲ್ಲ, ಬಾತು ಕಾಲು ಬಡಿದು ತೆತ್ತ ಶಕ್ತಿ. ಹಡಗಾದರೆ ತೆರುವುದು ಡೀಸೆಲ್ಲು. ಮೂತಿ ನೀರನ್ನು ತಳ್ಳಿದಾಗ ಅಲ್ಲಿ ಒತ್ತಡ ಏರಿ ನೀರು ಉಬ್ಬುತ್ತದೆ. ಈಗ ಆ ಉಬ್ಬಿಗಿಂತ ಸ್ವಲ್ಪ ಮುಂದೆ, ನೀರಿನೊಳಗೆ ಗೆಡ್ಡೆ ಇಟ್ಟೆವು ಅನ್ನಿ. ಗೆಡ್ಡೆಯ ನೆತ್ತಿಯ ಮೇಲೆ ನೀರು ವೇಗವಾಗಿ ಜಾರುತ್ತದೆ, ಒತ್ತಡ ಇಳಿಯುತ್ತದೆ, ಮೇಲ್ಮೈ ತಗ್ಗುತ್ತದೆ. ಲೆಕ್ಕ ಸರಿಯಿದ್ದರೆ ಈ ತಗ್ಗು ಸರಿಯಾಗಿ ಆ ಉಬ್ಬಿನ ಮೇಲೇ ಬಂದು ಕೂರುತ್ತದೆ. ಗುಂಡಿಗೆ ಮಣ್ಣು ತುಂಬಿದ ಹಾಗೆ ನೆಲ ಸಮ. ಮೆಟ್ರೋದಲ್ಲಿ ಹುಡುಗರು ಹಾಕಿಕೊಳ್ಳುವ, ಹೊರಗಿನ ಸದ್ದು ಅಡಗಿಸುವ ಹೆಡ್‌ಫೋನು ಮಾಡುವುದೂ ಇದನ್ನೇ: ಸದ್ದಿಗೆ ತದ್ವಿರುದ್ಧವಾದ ಸದ್ದು ಹುಟ್ಟಿಸಿ ಎರಡನ್ನೂ ಮುಗಿಸುವುದು. ದೊಡ್ಡ ಹಡಗುಗಳಲ್ಲಿ ಈ ಉಪಾಯದಿಂದ ಶೇಕಡಾ 12ರಿಂದ 15ರಷ್ಟು ಇಂಧನ ಉಳಿಯುತ್ತದೆ.

ಆದರೆ ಆ ಹೆಡ್‌ಫೋನು ಗಾಡಿಯ ಒಂದೇ ಸಮನೆಯ ಗುಂಯ್ ಅನ್ನುವುದನ್ನು ಅಡಗಿಸುತ್ತದೆಯೇ ಹೊರತು ಎದುರು ಸೀಟಿನವರು ಫೋನಿನಲ್ಲಿ ಸೊಸೆಗೆ ಬೈಯುವುದನ್ನಲ್ಲ. ಗೆಡ್ಡೆಯದೂ ಅದೇ ಕಥೆ: ಯಾವ ವೇಗಕ್ಕೆ ಲೆಕ್ಕ ಹಾಕಿ ಮಾಡಿದ್ದೋ ಆ ವೇಗಕ್ಕೆ ಮಾತ್ರ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುವ ಹಡಗಿನ ಅಲೆಯ ಉದ್ದ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ) ಸುಮಾರು 64 ಮೀಟರ್, ಅಂದರೆ ನಮ್ಮ ಮೆಟ್ರೋದ ಮೂರು ಬೋಗಿಯಷ್ಟು. ವೇಗ ಅರ್ಧಕ್ಕಿಳಿಸಿದರೆ ಅಲೆ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ: 16 ಮೀಟರ್. ಆಗ ತಗ್ಗು ಒಂದು ಕಡೆ, ಉಬ್ಬು ಇನ್ನೊಂದು ಕಡೆ. ಗೆಡ್ಡೆ ಬರೀ ಹೊರೆ. 2008ರ ನಂತರ ಇಂಧನ ಉಳಿಸಲು ಹಡಗುಗಳನ್ನು ನಿಧಾನವಾಗಿ ಓಡಿಸತೊಡಗಿದಾಗ, ಎಷ್ಟೋ ಹಡಗುಗಳ ಮೂಗು ಕೊಯ್ದು ಬೇರೆ ಮೂಗು ಬೆಸೆಯಬೇಕಾಯಿತು. ಶೂರ್ಪನಖಿಗೂ ಈ ಸೌಲಭ್ಯ ಇರಲಿಲ್ಲ.

ಈ ಗೆಡ್ಡೆ ಬರುವುದಕ್ಕೂ ಮುಂಚೆ ಹಡಗಿಗೆ ನೀರಿನಡಿ ಚಾಚಿದ ಮೂತಿ ಇರಲಿಲ್ಲವೇ? ಇತ್ತು, ಗುದ್ದುವುದಕ್ಕೆ. ಗ್ರೀಕರ ಯುದ್ಧನೌಕೆಗಳಿಗೆ ಕಂಚಿನ ಗುದ್ದುಮೂತಿ ಇರುತ್ತಿತ್ತು. ಫಿರಂಗಿ ಬಂದ ಮೇಲೆ ಮರೆತೇಹೋಗಿದ್ದ ಅದು ಉಗಿಹಡಗಿನ ಕಾಲದಲ್ಲಿ ಮತ್ತೆ ತಲೆಯೆತ್ತಿತು, 1866ರಲ್ಲಿ ಭಾರೀ ಹೆಸರು ಮಾಡಿತು. ಲಿಸ್ಸಾ ಕದನದಲ್ಲಿ ಆಸ್ಟ್ರಿಯಾದ ಹಡಗೊಂದು ಇಟಲಿಯ 'ರೆ ದಿತಾಲಿಯಾ'ವನ್ನು ಗುದ್ದಿ ಮುಳುಗಿಸಿತು. ಪಾಪ, ಚುಕ್ಕಾಣಿ ಕೆಟ್ಟು ನಿಂತ ಹಡಗು ಅದು. ಇಷ್ಟು ಸಾಕಾಯಿತು, ಮುಂದಿನ ಮೂರು ದಶಕ ದೊಡ್ಡ ದೊಡ್ಡ ನೌಕಾಪಡೆಗಳೆಲ್ಲ ಗುದ್ದುಮೂತಿಯ ಹಡಗು ಕಟ್ಟಿದವು. ಒಂದು ಸಲ ಬೆಕ್ಕು ಅಡ್ಡ ಬಂದದ್ದಕ್ಕೆ ಜೀವನಪೂರ್ತಿ ದಾರಿ ಬದಲಿಸುವವರನ್ನು ನೋಡಿ ನಗುತ್ತೇವಲ್ಲ, ಎಂಜಿನಿಯರುಗಳೂ ಅದನ್ನೇ ಮಾಡಿದರು. 1893ರಲ್ಲಿ, ಯುದ್ಧವೇ ಇಲ್ಲದ ಕವಾಯತಿನಲ್ಲಿ, ಬ್ರಿಟನ್ನಿನ 'ಕ್ಯಾಂಪರ್‌ಡೌನ್' ತನ್ನದೇ ಪಡೆಯ 'ವಿಕ್ಟೋರಿಯಾ'ಕ್ಕೆ ಗುದ್ದಿ 358 ಜನ ಸತ್ತರು.

ಅಲೆಯ ಲೆಕ್ಕಕ್ಕೆ ಗೆಡ್ಡೆ ಇಟ್ಟವರು ಅಮೆರಿಕದ ನೌಕಾ ಎಂಜಿನಿಯರ್ ಡೇವಿಡ್ ಟೇಲರ್. ತೊಟ್ಟಿಯ ನೀರಿನಲ್ಲಿ ಮಾದರಿ ಹಡಗುಗಳನ್ನು ಎಳೆದು ಎಳೆದು ಅಳೆದವರು. 1909ರಲ್ಲಿ ನೀರಿಗಿಳಿದ 'ಡೆಲವೇರ್' ಯುದ್ಧನೌಕೆಗೆ ಈ ಮೂಗು ಬಂತು. ಎರಡು ದಶಕ ಕಳೆದು ಜರ್ಮನಿಯ ಪ್ರಯಾಣಿಕ ಹಡಗು 'ಬ್ರೆಮನ್' ಅಟ್ಲಾಂಟಿಕ್ ದಾಟುವ ವೇಗದಲ್ಲಿ ದಾಖಲೆ ಬರೆದಾಗ ಅದಕ್ಕೂ ಇದೇ ಮೂಗು. ಟೋಕಿಯೊದ ಪ್ರೊಫೆಸರ್ ತಕಾವೊ ಇನೂಯಿ ಆಮೇಲೆ ಗೆಡ್ಡೆಯ ಗಣಿತವನ್ನು ಇನ್ನಷ್ಟು ಗಟ್ಟಿ ಮಾಡಿದರು.

ನಾರ್ವೆಯವರು 2006ರಲ್ಲಿ 'ಬೂರ್ಬೋನ್ ಓರ್ಕಾ' ಎಂಬ ಹಡಗಿಗೆ ಹಿಂದಕ್ಕೆ ವಾಲಿದ ಹಣೆಯನ್ನೇ ಕೊಟ್ಟುಬಿಟ್ಟರು. ಮಾಮೂಲಿ ಹಡಗು ಅಲೆ ಹತ್ತಿ ದಬ್ಬೆಂದು ಬೀಳುತ್ತದೆ; ಇದು ಅಲೆಯೊಳಗೇ ಮೆಲ್ಲಗೆ ನುಗ್ಗುತ್ತದೆ.

ಹುಡುಗನಿಗೆ ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬಾತುಕೋಳಿ ಆಚೆ ದಂಡೆ ಸೇರಿತ್ತು. "ಹಾಗಾದ್ರೆ ಬಾತಿಗ್ಯಾಕೆ ಗೆಡ್ಡೆ ಇಲ್ಲ ಮಾಮ?" ಅಂದ. ಪಕ್ಕದ ಬೆಂಚಿನ ಹಿರಿಯರು ನನ್ನ ಮುಖ ನೋಡಿದರು. "ಅದು ಯಾವತ್ತೂ ಒಂದೇ ವೇಗದಲ್ಲಿ ಹೋಗಲ್ಲ ಕಣೋ" ಅಂದೆ.