ಅಜ್ಜನ ಆಲ್ಬಮ್ಮಿಗೆ ಬೆಳಗಾವಿಯ ಮಳೆ, ವಿಜಯಪುರದ ಬಿಸಿಲು

1949ರ ಆಗಸ್ಟ್ 15ರಂದು ಸ್ವತಂತ್ರ ಭಾರತ ದಿನಬಳಕೆಗೆಂದು ಅಂಚೆಚೀಟಿಗಳ ಹೊಸ ಸರಣಿಯೊಂದನ್ನು ಹೊರತಂದಿತು. ಅಜಂತಾ, ಕೋನಾರ್ಕ, ಸಾಂಚಿ, ತಾಜಮಹಲುಗಳ ಸಾಲಿನಲ್ಲಿ ಆರಾಣೆಯ ಚೀಟಿಯ ಮೇಲೆ ನಮ್ಮ ಗೋಲ ಗುಮ್ಮಟವೂ ಇತ್ತು. ನಿಮ್ಮ ಅಜ್ಜನಿಗೆ ಅಂಚೆಚೀಟಿ ಕೂಡಿಸುವ ಹುಚ್ಚಿತ್ತು ಎಂದಾದರೆ ಅವರ ಆಲ್ಬಮ್ಮಿನಲ್ಲಿ ಅದನ್ನೊಮ್ಮೆ ಹುಡುಕಿ ನೋಡಿ. ಇಂಥ ಆಲ್ಬಮ್ಮುಗಳು ಅಜ್ಜ ತೀರಿಕೊಂಡ ಮೇಲೆ ತಿಜೋರಿಯ ತಲೆಯ ಮೇಲೋ ಅಟ್ಟದ ಟ್ರಂಕಿನಲ್ಲೋ ವರ್ಷಗಟ್ಟಲೆ ಕೂತು, ಒಂದು ದಿನ ಮೊಮ್ಮಕ್ಕಳ ಕೈಗೆ ಬರುತ್ತವೆ. ಬಂದ ಕೂಡಲೇ ಎಲ್ಲರೂ ಕೇಳುವುದು, ಇದಕ್ಕೆ ಎಷ್ಟು ರೊಕ್ಕ ಬಂದೀತು ಅಂತ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಆಲ್ಬಮ್ಮು ಇಷ್ಟು ದಿನ ಯಾವ ಊರಲ್ಲಿತ್ತು, ಇನ್ನು ಯಾವ ಊರಲ್ಲಿರುತ್ತದೆ ಎಂಬುದು.

ಒಂದು ಅಂಚೆಚೀಟಿ ಎಂದರೆ ಮೂರು ಪದರ: ಮೇಲೆ ಶಾಯಿ, ನಡುವೆ ಕಾಗದ, ಹಿಂದೆ ಅಂಟು. ಕಾಗದ ಸೆಲ್ಯುಲೋಸಿನ ನಾರುಗಳಿಂದಾದದ್ದು. ಸೆಲ್ಯುಲೋಸ್ ಅಂದರೆ ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಜೋಡಿಸಿಕೊಂಡ ಉದ್ದನೆಯ ಸರಪಳಿ, ಅದಕ್ಕೆ ನೀರೆಂದರೆ ಬಲು ಪ್ರೀತಿ. ಹಳೆಯ ಚೀಟಿಗಳ ಹಿಂದಿನ ಅಂಟು ಜಾಲಿಯ ಬಳಗಕ್ಕೆ ಸೇರಿದ ಮರಗಳ ಗೋಂದಾಗಿರಬಹುದು, ಇಲ್ಲವೇ ಪಿಷ್ಟದಿಂದ ತಯಾರಿಸಿದ ಡೆಕ್ಸ್ಟ್ರಿನ್ ಇರಬಹುದು. ಎರಡೂ ಗಾಳಿಯಲ್ಲಿನ ತೇವವನ್ನು ಹೀರುತ್ತವೆ, ಗಾಳಿ ಒಣಗಿದಾಗ ಅದನ್ನು ಬಿಟ್ಟುಕೊಡುತ್ತವೆ. ಕಷ್ಟವಿರುವುದು ಕಾಗದ ಮತ್ತು ಅಂಟು ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ ಎಂಬುದರಲ್ಲಿ. ಅದರ ಮೇಲೆ, ಕಾಗದದ ನಾರುಗಳು ಹಿಗ್ಗುವಾಗ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಹಿಗ್ಗುತ್ತವೆ.

ಈಗ ನಮ್ಮ ಊರುಗಳನ್ನು ನೋಡಿ. ಬೆಳಗಾವಿ ಸಹ್ಯಾದ್ರಿಯ ಸೆರಗಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಒಣಗದ ದಿನಗಳು. ಅಲ್ಲಿಂದ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್ ಈಶಾನ್ಯಕ್ಕೆ ವಿಜಯಪುರಕ್ಕೆ ಬಂದರೆ ಮಳೆ ಅದರ ಅರ್ಧದಷ್ಟು, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿಯ ಬಿಸಿಲು. ಬೆಳಗಾವಿಯ ಜುಲೈನಲ್ಲಿ ಚೀಟಿಯ ಅಂಟು ತೇವ ಕುಡಿದು ಮೆತ್ತಗಾಗಿ ಪುಟಕ್ಕೋ, ಎದುರು ಪುಟದ ಚೀಟಿಗೋ ಹತ್ತಿಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲಷ್ಟು ತೇವದಲ್ಲಿ ಆಗ ಇರುವ ಪಾಲು, ಶೇ 65–70ನ್ನು ದಾಟಿ ಕೆಲವು ದಿನ ಹಾಗೇ ಉಳಿದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಇದರ ತಿರುಗುಮುರುಗು. ನೀರು ಕಳಕೊಂಡ ಅಂಟು ಕಾಗದಕ್ಕಿಂತ ಹೆಚ್ಚು ಕುಗ್ಗಿ, ಚೀಟಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಮುರುಟಿಕೊಳ್ಳುತ್ತದೆ. ದಪ್ಪ ಅಂಟಿದ್ದರೆ ಅದು ಬಿರುಕು ಬಿಡುತ್ತದೆ, ಬಿರುಕಿನ ಜೊತೆ ಕಾಗದವೂ ಸೀಳುತ್ತದೆ. ಹೀಗೆ ಮುರುಟಿದ ಚೀಟಿಯನ್ನು ಬೆರಳಿನಿಂದ ಒತ್ತಿ ನೇರ ಮಾಡಲು ಹೋಗಬೇಡಿ, ಮುರಿದೇ ಹೋಗುತ್ತದೆ. ಸ್ವಲ್ಪ ತೇವವಿರುವ ಗಾಳಿಯಲ್ಲಿ ಒಂದು ದಿನ ಬಿಟ್ಟರೆ ಅದು ತಾನೇ ಮೈ ಬಿಡುತ್ತದೆ.

ಸಂಗ್ರಹಕ್ಕೆ ಶೇ 40ರಿಂದ 50ರ ಆರ್ದ್ರತೆ ಒಳ್ಳೆಯದು. ಆದರೆ ಆ ಅಂಕಿಗಿಂತ ಮುಖ್ಯವಾದದ್ದು ಅದು ಮೇಲೆ ಕೆಳಗೆ ಜಿಗಿಯದಿರುವುದು. ಪ್ರತಿ ಏರಿಳಿತದಲ್ಲೂ ಅಂಟು ಕಾಗದವನ್ನು ಒಮ್ಮೆ ಎಳೆಯುತ್ತದೆ, ಒಮ್ಮೆ ಸಡಿಲಿಸುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಆರ್ದ್ರತಾ ಮಾಪಕವೊಂದನ್ನು ಆಲ್ಬಮ್ಮಿನ ಪಕ್ಕದಲ್ಲಿಡಿ, ಒಂದು ವರ್ಷ ಅದನ್ನು ಗಮನಿಸಿ. ಬೆಳಗಾವಿಯವರಿಗೆ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿ, ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಬೇಕಾಗುತ್ತದೆ. ವಿಜಯಪುರದವರು ಅದೇ ಸಿಲಿಕಾ ಜೆಲ್ಲನ್ನು ವರ್ಷವಿಡೀ ಹಾಕಿಟ್ಟರೆ ಮೊದಲೇ ಒಣಗಿದ ಅಂಟನ್ನು ಇನ್ನಷ್ಟು ಒಣಗಿಸಿದಂತೆ.

ಇನ್ನು ಬಿಸಿ. ಉಷ್ಣತೆ 10 ಡಿಗ್ರಿ ಏರಿದರೆ ಕಾಗದವನ್ನು ಹಾಳುಮಾಡುವ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಆಮ್ಲವಿರುವ ಕಾಗದದಲ್ಲಿ ಸೆಲ್ಯುಲೋಸ್ ಸರಪಳಿಗಳು ತುಂಡುತುಂಡಾಗಿ ಕಾಗದ ಹಳದಿಯಾಗುವುದು, ಮುಟ್ಟಿದರೆ ಪುಡಿಯಾಗುವುದು ಇದರಿಂದಲೇ. ಹಾಗಾಗಿ ಆರ್‌ಸಿಸಿ ಸ್ಲ್ಯಾಬಿನ ಕೆಳಗಿನ ಮೇಲಂತಸ್ತಿನ ಖೋಲಿ ಆಲ್ಬಮ್ಮಿಗೆ ಕೆಟ್ಟ ಜಾಗ. ಗೋಲ ಗುಮ್ಮಟದ ಗೋಡೆಗಳು ಸುಮಾರು 3 ಮೀಟರ್ ದಪ್ಪ, ಮಟಮಟ ಮಧ್ಯಾಹ್ನವೂ ಒಳಗೆ ತಂಪು. ಅಷ್ಟು ಕಲ್ಲು ಬಿಸಿಯಾಗಲು ಹೊತ್ತು ಬೇಕು, ತಣಿಯಲೂ ಹೊತ್ತು ಬೇಕು, ಹೀಗಾಗಿ ಹೊರಗಿನ ಏರಿಳಿತ ಒಳಗೆ ಮುಟ್ಟುವ ಹೊತ್ತಿಗೆ ಸಪ್ಪೆಯಾಗಿರುತ್ತದೆ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಮಣ್ಣಿನ ದಪ್ಪ ಮೇಲ್ಛಾವಣಿ, ಕಲ್ಲುಮಣ್ಣಿನ ಗೋಡೆ ಮಾಡುವುದೂ ಇದನ್ನೇ. ಅಂಥ ಮನೆಯ ನಡುಕೋಣೆ ಇನ್ನೂ ನಿಮ್ಮ ಪಾಲಿಗಿದ್ದರೆ ಕಾಗದ ಪತ್ರಗಳಿಗೆ ಅದಕ್ಕಿಂತ ಒಳ್ಳೆಯ ತಾವಿಲ್ಲ. ಗೆದ್ದಲಿನ ಭಯವಂತೂ ಇದ್ದೇ ಇದೆ, ಕಬ್ಬಿಣದ ಕಪಾಟಿನಲ್ಲಿ, ಗೋಡೆಗೆ ತಾಗದಂತೆ, ನೆಲದಿಂದ ಎತ್ತರಕ್ಕಿಡಿ. ಡಾಂಬರ ಗುಳಿಗೆಯನ್ನು ಆಲ್ಬಮ್ಮಿನೊಳಗೆ ಹಾಕಬೇಡಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ.

ಪ್ಲಾಸ್ಟಿಕ್ಕಿನ ಮಾತು ಬಂತು. ಅಗ್ಗದ ಆಲ್ಬಮ್ಮುಗಳ ಪಾರದರ್ಶಕ ಹಾಳೆಗಳನ್ನು ನಾನು ಗೆದ್ದಲಿಗಿಂತ ದೊಡ್ಡ ಶತ್ರು ಎಂದೇ ತಿಳಿಯುತ್ತೇನೆ. ಗೆದ್ದಲು ಕಣ್ಣಿಗೆ ಕಾಣುತ್ತದೆ, ಈ ಹಾಳೆಗಳಿಂದಾಗುವ ಕೇಡು ತಡವಾಗಿ ಕಾಣುತ್ತದೆ. ಅವುಗಳಲ್ಲಿ ಬಹಳಷ್ಟು ಪಿವಿಸಿ. ಪಿವಿಸಿ ತಾನಾಗಿ ಗಡುಸು, ಬಾಗುವಂತೆ ಮಾಡಲು ಅದಕ್ಕೆ ಎಣ್ಣೆಯಂಥ ಪದಾರ್ಥ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಆ ಎಣ್ಣೆ ಹೊರಬಂದು ಶಾಯಿಯನ್ನು ಎಬ್ಬಿಸುತ್ತದೆ, ಜೊತೆಗೆ ಪಿವಿಸಿ ಶಿಥಿಲವಾಗುತ್ತಾ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಅದು ತೇವದೊಡನೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಹಾಳೆ ಜಿಗಿಜಿಗಿ ಎನ್ನುತ್ತಿದ್ದರೆ, ಘಾಟು ಬರುತ್ತಿದ್ದರೆ ಅನುಮಾನಪಡಿ. ಖಚಿತ ಮಾಡಿಕೊಳ್ಳಲು ಒಂದು ಹಳೆಯ ಪರೀಕ್ಷೆಯಿದೆ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಜ್ವಾಲೆಗೆ ಬಣ್ಣ ಬಾರದಂತಾಗುವವರೆಗೆ ಕೆಂಪಗೆ ಕಾಯಿಸಿ. ಚೀಟಿ ಇಲ್ಲದ ಖಾಲಿ ಹಾಳೆಯ ತುದಿಗೆ ಅದನ್ನು ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಎದ್ದರೆ ಅದರಲ್ಲಿ ಕ್ಲೋರಿನ್ ಇದೆ. ಇದನ್ನು ಅಂಗಳದಲ್ಲೇ ಮಾಡಿ, ಹೊಗೆ ಒಳ್ಳೆಯದಲ್ಲ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆಗಳಿಗೆ ಈ ಕೇಡಿಲ್ಲ. ಹರಿದ ಚೀಟಿಗೆ ಸೆಲ್ಲೋಟೇಪು ಹಚ್ಚುವುದೂ ಇಷ್ಟೇ ಕೆಟ್ಟದ್ದು, ಅದರ ಅಂಟು ಕಂದಾಗಿ ನಾರುಗಳೊಳಗೆ ಇಳಿದುಬಿಟ್ಟರೆ ಕಲೆಯನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ.

ಪುಟಕ್ಕೆ ಹತ್ತಿಕೊಂಡ ಚೀಟಿಗಳನ್ನು ಬಿಡಿಸುವುದು ಹೇಗೆ? ಹಲವರು ಪುಟವನ್ನೇ ನೀರಿನ ಬೋಗುಣಿಯಲ್ಲಿ ಮುಳುಗಿಸುತ್ತಾರೆ. ಬಳಸದ ಚೀಟಿಯಾದರೆ ಅಂಟು ತೊಳೆದು ಹೋಗಿ ಬೆಲೆ ಅಲ್ಲಿಗೇ ಕುಸಿಯುತ್ತದೆ. ಬಳಸಿದ ಚೀಟಿಗೂ ಅಪಾಯ ತಪ್ಪಿದ್ದಲ್ಲ. ಒಮ್ಮೆ ಬಳಸಿದ ಚೀಟಿಯ ಮುದ್ರೆ ತೊಳೆದು ಮತ್ತೆ ಹಚ್ಚುವವರ ಕಾಟಕ್ಕೆ, ನೀರು ತಾಗಿದರೆ ಹರಡುವ ಶಾಯಿಯನ್ನೇ ಬೇಕೆಂದು ಬಳಸಿದ ಕಾಲವಿತ್ತು. 1880ರ ದಶಕದ ಬ್ರಿಟನ್ನಿನ ಚೀಟಿಗಳು ಇದಕ್ಕೆ ಹೆಸರಾದವು. ಮೋಸಗಾರನಿಗೆಂದು ಒಡ್ಡಿದ ಬಲೆಗೆ ಇಂದು ಮೊಮ್ಮಕ್ಕಳು ಬೀಳುತ್ತಿದ್ದಾರೆ.

ನೀರಿನ ಬದಲು ನೀರಾವಿ ಸಾಕು. ಮುಚ್ಚಳವಿರುವ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಸ್ಪಂಜು, ಅದರ ಮೇಲೆ ತಾಗದಂತೆ ಒಂದು ಜಾಳಿಗೆ, ಜಾಳಿಗೆಯ ಮೇಲೆ ಪುಟದಿಂದ ಕತ್ತರಿಸಿದ ತುಣುಕು, ಚೀಟಿಯ ಮುಖ ಮೇಲಾಗಿ. ಮುಚ್ಚಿಟ್ಟು ಗಂಟೆಗೊಮ್ಮೆ ನೋಡಿ. ಆವಿ ಹಿಂದಿನ ಕಾಗದದ ಮೂಲಕ ಅಂಟನ್ನು ಸೇರಿ ಸಡಿಲಿಸುತ್ತದೆ, ಶಾಯಿ ಬಹುಪಾಲು ಒಣಗಿಯೇ ಇರುತ್ತದೆ. ಅಂಚು ತಾನಾಗಿ ಏಳತೊಡಗಿದಾಗ ಚಪ್ಪಟೆ ತುದಿಯ ಚಿಮಟಿಗೆಯಿಂದ ಮೂಲೆ ಹಿಡಿದು, ಚೀಟಿಯನ್ನು ಎಳೆಯದೆ, ಹಿಂದಿನ ಕಾಗದವನ್ನು ಚೀಟಿಯಿಂದ ಆಚೆಗೆ ಮಡಚುತ್ತಾ ಬನ್ನಿ. ತಡೆ ಕಂಡಲ್ಲಿ ನಿಲ್ಲಿಸಿ, ಮತ್ತೆ ಡಬ್ಬಿಗೆ ಹಾಕಿ. ಮೊದಲು ಬೆಲೆಯಿಲ್ಲದ ಚೀಟಿಗಳ ಮೇಲೆ ಕೈ ಪಳಗಿಸಿಕೊಳ್ಳಿ. ಬೂಷ್ಟು ಹಿಡಿದಿದ್ದಕ್ಕೆ ಮಾತ್ರ ಈ ಉಪಾಯ ಬೇಡ, ಅದನ್ನು ಮೊದಲು ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹೊರಗೆ ಮೃದು ಬ್ರಷ್ಷಿನಿಂದ ಝಾಡಿಸಿ. ಉಳಿದ ಕಂದು ಚುಕ್ಕೆಗಳನ್ನು ಬ್ಲೀಚಿನಿಂದ ತೆಗೆಯುವ ಆಸೆ ಬಿಡಿ, ಚುಕ್ಕೆಯ ಜೊತೆ ನಾರೂ ಸವೆಯುತ್ತದೆ.

ಲಕೋಟೆಯ ಮೇಲಿರುವ ಚೀಟಿಗಳನ್ನು ಕತ್ತರಿಸದೆ ಲಕೋಟೆ ಸಮೇತ ಇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಈ ಜಿಲ್ಲೆಗಳು 1956ರವರೆಗೆ ಮುಂಬೈ ರಾಜ್ಯಕ್ಕೆ ಸೇರಿದ್ದವು, ಬಾಗಲಕೋಟೆ 1997ರವರೆಗೆ ಬಿಜಾಪುರ ಜಿಲ್ಲೆಯಲ್ಲಿತ್ತು, ಬಿಜಾಪುರ ಮತ್ತು ಬೆಳಗಾಂ ಎಂಬ ಹೆಸರುಗಳು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಊರ ಹೆಸರು, ತಾರೀಖು, ವಿಳಾಸ, ಕಾಗದ ಹಾದುಬಂದ ದಾರಿ ಎಲ್ಲವೂ ಆ ಮುದ್ರೆಗಳಲ್ಲಿವೆ. ಚೀಟಿಯೊಂದನ್ನೇ ಕತ್ತರಿಸಿಕೊಂಡರೆ ಉಳಿಯುವುದು ಅರ್ಧ ಮುದ್ರೆ.

ಅಣ್ಣತಮ್ಮಂದಿರು, ಅಕ್ಕತಂಗಿಯರು ಆಲ್ಬಮ್ಮನ್ನು ಪಾಲು ಮಾಡಿಕೊಳ್ಳುವುದಿದ್ದರೆ ಅದಕ್ಕೂ ಮೊದಲು ಪ್ರತಿ ಪುಟವನ್ನೂ ಇದ್ದ ಕ್ರಮದಲ್ಲೇ ಸ್ಕ್ಯಾನ್ ಮಾಡಿ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಯಾವ ಚೀಟಿ ಯಾರಿಂದ ಬಂತು, ಯಾವ ಗೆಳೆಯ ಕಳಿಸಿದ ಎಂದು ಅಜ್ಜ ಪುಟದಂಚಿನಲ್ಲಿ ಬರೆದಿಟ್ಟದ್ದು ಬೇರೆಲ್ಲೂ ಸಿಗುವುದಿಲ್ಲ. ಆ ಹಳೆಯ ಪುಟಗಳು ಆಮ್ಲೀಯವಾಗಿದ್ದರೆ ಚೀಟಿಗಳನ್ನು ಹೊಸ ಹಾಳೆಗೆ ಸಾಗಿಸಿ, ಪುಟಗಳನ್ನು ಎಸೆಯದೆ ಬೇರೆ ಲಕೋಟೆಯಲ್ಲಿ, ಚೀಟಿಗಳಿಗೆ ತಾಗದಂತೆ, ಅದೇ ಕಪಾಟಿನಲ್ಲಿಡಿ.