ಕ್ರೂಸಿಫೆರಸ್: ಹೂವು ನೋಡಿ ಇಟ್ಟ ಹೆಸರು

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಗೆಳತಿಯೊಬ್ಬಳು ಮೊನ್ನೆ ಒಂದು ಸಲಾಡ್ ರೆಸಿಪಿ ಕಳಿಸಿದಳು. ಮೇಲೆ ದಪ್ಪಕ್ಷರದಲ್ಲಿ ‘ಕ್ರೂಸಿಫೆರಸ್ ಸಲಾಡ್’ ಎಂದಿತ್ತು. ಕೆಳಗೆ ಪಾಲಕ್, ಲೆಟ್ಯೂಸ್, ಬೀಟ್‌ರೂಟ್, ಸೌತೆಕಾಯಿ. ‘ಇದನ್ನ ದಿನಾ ತಿಂದ್ರೆ ಒಳ್ಳೇದಂತೆ, ಹೌದೇನೇ?’ ಎಂದು ಕೇಳಿದ್ದಳು. ಆ ಪಟ್ಟಿಯಲ್ಲಿ ಕ್ರೂಸಿಫೆರಸ್ ತರಕಾರಿ, ಅಂದರೆ ಎಲೆಕೋಸು, ಮೂಲಂಗಿಯ ಕುಟುಂಬದ್ದು, ಒಂದೂ ಇರಲಿಲ್ಲ.

ಈ ಪದ ಹೀಗೆ ದಾರಿ ತಪ್ಪುವುದನ್ನು ಎಷ್ಟು ಸಲ ನೋಡಿದ್ದೇನೋ. ಹಸಿರಾಗಿದ್ದರೆ ಕ್ರೂಸಿಫೆರಸ್. ಹಸಿಯಾಗಿ ತಿನ್ನುವಂಥದ್ದಾದರೆ ಕ್ರೂಸಿಫೆರಸ್. ಕ್ಯಾನ್ಸರ್‌ಗೆ ಒಳ್ಳೆಯದು ಅಂತ ಯಾರಾದರೂ ಅಂದರೆ ಅದೂ ಕ್ರೂಸಿಫೆರಸ್. ಕೆಲವರಂತೂ ‘ಕ್ರೂಶಿಯಲ್ ತರಕಾರಿಗಳು’ ಎಂದೇ ಬರೆದುಬಿಡುತ್ತಾರೆ.

ಪದ ಬಂದಿರುವುದು ಲ್ಯಾಟಿನ್‌ನಿಂದ. ‘ಕ್ರುಕ್ಸ್’ ಅಂದರೆ ಶಿಲುಬೆ, ‘ಫೆರ್ರೆ’ ಅಂದರೆ ಹೊರು. ಎರಡೂ ಸೇರಿ ‘ಶಿಲುಬೆ ಹೊತ್ತದ್ದು’. ಶಂಕುವಿನಂಥ ಕಾಯಿ ಹೊರುವ ಮರಕ್ಕೆ ಕೋನಿಫರ್ ಎಂದ ಹಾಗೆಯೇ ಇದೂ. ‘ಫೆರ್ರೆ’ ನಮಗೆ ತೀರಾ ದೂರದ್ದೇನಲ್ಲ. ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ‘ಭಾರ’, ‘ಭರಿಸು’ ಅದರ ದಾಯಾದಿಗಳು. ಹೊರುವ ಅರ್ಥ ಅಲ್ಲೂ ಇದೆ, ಇಲ್ಲೂ ಇದೆ.

ಶಿಲುಬೆ ಎಲ್ಲಿದೆ? ಹೂವಿನಲ್ಲಿ. ಸಾಸಿವೆ ಹೂವನ್ನು ಮೇಲಿನಿಂದ ನೋಡಿ. ನಾಲ್ಕೇ ಎಸಳು, ಎದುರುಬದುರು ಎರಡು ಜೋಡಿ. ಒಳಗೆ ಆರು ಕೇಸರ, ನಾಲ್ಕು ಉದ್ದ, ಎರಡು ಗಿಡ್ಡ. ಮೂಲಂಗಿಯನ್ನು ಕೀಳದೆ ಹೂ ಬಿಡುವ ತನಕ ಕಾದರೆ ಅದರಲ್ಲೂ ಇದೇ ಲೆಕ್ಕ. ಫ್ರಾನ್ಸಿನ ಸಸ್ಯವಿಜ್ಞಾನಿ ಆಂಟ್ವಾನ್ ಲೋರಾನ್ ದ ಜುಸ್ಸಿಯೊ 1789ರಲ್ಲಿ ಈ ಕುಟುಂಬವನ್ನು ‘ಕ್ರೂಸಿಫೆರೀ’ ಎಂದು ಕರೆದಾಗ ಅವನ ಕಣ್ಣಿದ್ದದ್ದು ಈ ಹೂವಿನ ಮೇಲೆ. ರೋಗದ ಸುದ್ದಿಯೇ ಹೆಸರಿನಲ್ಲಿ ಇಲ್ಲ. ಈಗ ಸಸ್ಯವಿಜ್ಞಾನಿಗಳು ಹೆಚ್ಚಾಗಿ ‘ಬ್ರಾಸಿಕೇಸೀ’ ಎನ್ನುತ್ತಾರೆ. ಬ್ರಾಸಿಕಾ ಅಂದರೆ ಲ್ಯಾಟಿನ್‌ನಲ್ಲಿ ಎಲೆಕೋಸು. ಹಳೆಯ ಹೆಸರನ್ನು ಬಳಸಿದರೂ ತಪ್ಪೇನಿಲ್ಲ, ಹೆಸರಿಡುವ ನಿಯಮ ಎರಡನ್ನೂ ಒಪ್ಪುತ್ತದೆ.

‘ಕ್ರೂಶಿಯಲ್’ ಗೊಂದಲಕ್ಕೆ ಒಂದು ಸಣ್ಣ ಕಾರಣ ಉಂಟು. ಅದೂ ‘ಕ್ರುಕ್ಸ್’ ಮನೆತನದ್ದೇ. ಆದರೆ ಅದು ಬಂದ ದಾರಿ ಬೇರೆ. 1620ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ‘ಕ್ರುಕ್ಸ್’ ಪದವನ್ನು ಬಳಸಿದಾಗ ಅವನ ಮನಸ್ಸಿನಲ್ಲಿದ್ದದ್ದು ದಾರಿ ಕವಲೊಡೆಯುವಲ್ಲಿ ನೆಟ್ಟ ಕೈಮರ. ಎರಡು ಊಹೆಗಳಲ್ಲಿ ಯಾವುದು ಸರಿ ಎಂದು ಕೈಮರದಂತೆ ತೋರಿಸುವ ಪರೀಕ್ಷೆಗೆ ಅವನು ಆ ಹೆಸರು ಕೊಟ್ಟ. ಹಾಗೆ ಅದು ‘ನಿರ್ಣಾಯಕ’ ಆಯಿತು. ಹೂಕೋಸು ಯಾರ ದಾರಿಯನ್ನೂ ನಿರ್ಣಯಿಸುವುದಿಲ್ಲ. ‘ಕ್ಯಾನ್ಸರ್’ ಕೂಡ ಆಕಾರ ನೋಡಿ ಇಟ್ಟ ಹೆಸರೇ. ಅದರ ಅರ್ಥ ಏಡಿ, ಅದಕ್ಕೇ ಕನ್ನಡದಲ್ಲಿ ‘ಏಡಿಗಂತಿ’ ಎಂಬ ಪದ ಇದೆ. ಎರಡು ಆಕಾರಗಳು, ಎರಡು ಹೆಸರುಗಳು. ಒಂದಕ್ಕೊಂದು ಔಷಧಿ ಅಂತ ಹೆಸರಿನಿಂದ ಸಾಬೀತಾಗುವುದಿಲ್ಲ.

ಕನ್ನಡ ಬಲ್ಲವರಿಗೆ ಈ ತರಕಾರಿಗಳನ್ನು ಗುರುತಿಸುವುದು ಕಷ್ಟವೇ ಅಲ್ಲ, ಅಲ್ವಾ? ಎಲೆಕೋಸು, ಹೂಕೋಸು, ನವಿಲುಕೋಸು. ಮೂರಕ್ಕೂ ‘ಕೋಸು’ ಎಂದು ಒಂದೇ ಮನೆಯ ಹೆಸರಿಟ್ಟು, ಅದರ ಮೊದಲಿಗೆ ಒಂದು ಗುರುತು ಸೇರಿಸಿದ್ದೇವೆ. ವಿಜ್ಞಾನವೂ ಅದನ್ನೇ ಹೇಳುತ್ತದೆ. ಈ ಮೂರು, ಜೊತೆಗೆ ಬ್ರೊಕೊಲಿ, ಕೇಲ್, ಬ್ರಸೆಲ್ಸ್ ಸ್ಪ್ರೌಟ್ಸ್, ಎಲ್ಲವೂ ಬ್ರಾಸಿಕಾ ಒಲೆರೇಸಿಯಾ ಎಂಬ ಒಂದೇ ಪ್ರಭೇದ. ರೈತರು ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಮೊಗ್ಗು, ಮತ್ತೊಂದರಲ್ಲಿ ಕಾಂಡ ಚೆನ್ನಾಗಿ ಬೆಳೆಯುವಂತೆ ಆರಿಸುತ್ತಾ ಬಂದರು. ಸಾಸಿವೆ, ಮೂಲಂಗಿ, ಟರ್ನಿಪ್, ಅರುಗುಲ ಇದೇ ಕುಟುಂಬದ ಬೇರೆ ಪ್ರಭೇದಗಳು. ಪಾಲಕ್ ಮತ್ತು ಬೀಟ್‌ರೂಟ್ ದಂಟಿನ ಸೊಪ್ಪಿನ ಕುಟುಂಬಕ್ಕೆ ಸೇರಿದವು. ಲೆಟ್ಯೂಸ್ ಸೂರ್ಯಕಾಂತಿಯ ಕಡೆಯದು. ಸೌತೆ ಕುಂಬಳದ ಬಳಗ.

ಹಾಗಾದರೆ ಕ್ಯಾನ್ಸರ್ ಜೊತೆ ನಂಟು ಎಲ್ಲಿಂದ ಬಂತು? ಘಾಟಿನಿಂದ. ಈ ಗಿಡಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕವಿರುವ ವಸ್ತುಗಳಿವೆ. ಮೈರೋಸಿನೇಸ್ ಎಂಬ ಕಿಣ್ವವನ್ನು ಗಿಡ ಬೇರೆ ಕಡೆ ಇಟ್ಟಿರುತ್ತದೆ. ಹೆಚ್ಚಿದಾಗ ಅಥವಾ ಅಗಿದಾಗ ಎರಡೂ ಕೂಡುತ್ತವೆ, ಮೂಗಿಗೇರುವ ಸಾಸಿವೆ ಘಾಟು ಹುಟ್ಟುತ್ತದೆ. ಬ್ರೊಕೊಲಿಯಲ್ಲಿ ಹೀಗೆ ಹುಟ್ಟುವುದು ಸಲ್ಫೊರಾಫೇನ್. ಜೀವಕೋಶಗಳಲ್ಲಿ ಹಾನಿಕರ ವಸ್ತುಗಳನ್ನು ಹೊರಹಾಕಲು ನೆರವಾಗುವ ಕಿಣ್ವಗಳನ್ನು ಅದು ಹೆಚ್ಚಿಸುತ್ತದೆ ಎಂದು 1992ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೇ ತಂಡ ತೋರಿಸಿತು. ಜಾಸ್ತಿ ಬೇಯಿಸಿದರೆ ಮೈರೋಸಿನೇಸ್ ಕೆಲಸ ನಿಲ್ಲಿಸುತ್ತದೆ. ಬೆಂದ ಬ್ರೊಕೊಲಿಗೆ ಚಿಟಿಕೆ ಸಾಸಿವೆ ಪುಡಿ ಬೆರೆಸಿದರೆ ಸಾಸಿವೆಯ ಮೈರೋಸಿನೇಸ್ ಆ ಕೆಲಸಕ್ಕೆ ನಿಲ್ಲುತ್ತದೆ. ಒಂದೇ ಕುಟುಂಬ ನೋಡಿ, ಒಬ್ಬರ ಕೊರತೆ ಇನ್ನೊಬ್ಬರು ತುಂಬುತ್ತಾರೆ.

ಇಷ್ಟರಿಂದ ‘ಕ್ಯಾನ್ಸರ್ ಕೊಲ್ಲುವ ಸಲಾಡ್’ ಎಂದು ಬರೆಯುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಪ್ರಯೋಗಾಲಯದ ಜೀವಕೋಶದಲ್ಲಿ ಕಂಡದ್ದು ಬೇರೆ, ಕಾಯಿಲೆಯಲ್ಲಿರುವ ಮನುಷ್ಯನಲ್ಲಿ ಆಗುವುದು ಬೇರೆ. ಯಾವ ತರಕಾರಿಯೂ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ನಾರು, ಸಿ ಜೀವಸತ್ವ, ಫೋಲೇಟ್ ಸಿಗುತ್ತವೆ, ಬಾಯಿಗೂ ಒಂದಿಷ್ಟು ರುಚಿ. ಇಷ್ಟೇ ಸಾಕು ಇದನ್ನು ಇಷ್ಟಪಟ್ಟು ತಿನ್ನಲು.

ಹಸಿ ಎನ್ನುವುದೇ ಒಮ್ಮೊಮ್ಮೆ ತೊಂದರೆ. ಕಿಮೋಥೆರಪಿಯಲ್ಲಿ ಬಿಳಿ ರಕ್ತಕಣ ಕಡಿಮೆಯಾದಾಗ ಸೋಂಕು ಬೇಗ ತಗಲುತ್ತದೆ. ತರಕಾರಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಲೇಬೇಕು. ಬ್ರೊಕೊಲಿ ಮೊಳಕೆಯನ್ನು ಹೊಗಳುವವರು ತುಂಬಾ ಜನ. ಆದರೆ ಮೊಳಕೆ ಬರುವ ಬೆಚ್ಚಗಿನ ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತದೆ. ಆ ದಿನಗಳಲ್ಲಿ ಹಸಿ ಮೊಳಕೆ ಬೇಡ. ಬಾಯಿ ಹುಣ್ಣಾಗಿದ್ದರೆ, ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರೆ, ಹೊಟ್ಟೆ ಉಬ್ಬರಿಸುತ್ತಿದ್ದರೆ, ಹಸಿ ಎಲೆಕೋಸಿಗಿಂತ ಹಬೆಯಲ್ಲಿ ಮೆತ್ತಗೆ ಬೇಯಿಸಿದ್ದೇ ಮೇಲು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೇಲ್, ಬ್ರೊಕೊಲಿಯನ್ನು ದಿಢೀರನೆ ಜಾಸ್ತಿ ಮಾಡಬಾರದು. ಅವುಗಳಲ್ಲಿರುವ ಕೆ ಜೀವಸತ್ವ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಸಲ್ಫೊರಾಫೇನ್ ಮಾತ್ರೆಯನ್ನಂತೂ ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳದೆ ಸುಮ್ನೆ ನುಂಗಬೇಡಿ.

ಗೆಳತಿಗೂ ಇದನ್ನೇ ಬರೆದೆ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಹಬೆಯಲ್ಲಿ ಬೇಯಿಸಿದ ಬ್ರೊಕೊಲಿ, ಒಂದಿಷ್ಟು ಮೂಲಂಗಿ ತುರಿ ಸೇರಿಸಿ, ನಿಂಬೆರಸ, ಎಣ್ಣೆ, ಸಾಸಿವೆ ಪುಡಿ ಕಲಸಿದರೆ ಅದು ಕ್ರೂಸಿಫೆರಸ್ ಸಲಾಡ್. ಮೊದಲು ನಿನ್ನ ಡಾಕ್ಟರನ್ನ ಕೇಳು, ಹಸಿ ಬೇಡ ಅಂದರೆ ಎಲ್ಲವನ್ನೂ ಬೇಯಿಸು ಎಂದೆ. ‘ಹಾಗಾದ್ರೆ ಪಾಲಕ್ ಬಿಡ್ಲಾ?’ ಎಂದು ಕೇಳಿದಳು. ಬಿಡಬೇಕಾಗಿಲ್ಲ. ಪಾಲಕ್ ಒಳ್ಳೆಯ ಸೊಪ್ಪು. ಅದನ್ನು ಪಾಲಕ್ ಅಂತಲೇ ಕರೆದರೆ ಆಯಿತು.